ಐದು ದಿನ, ಎರಡು ಪಾರ್ಲಿಮೆಂಟು, ಒಂದು ಉಪ್ಪಿನಕಾಯಿ ಜಾಡಿ

ಮೊದಲ ದಿನ: ಗುರುವಾರ, ಜುಲೈ 4, 2024

ಬೆಳಗ್ಗೆ ಏಳೂಕಾಲು. ಇಂಗ್ಲೆಂಡಿನ ನ್ಯೂಕಾಸಲ್‌ನ ನಮ್ಮ ಬೀದಿ ಕೊನೆಯ ಚರ್ಚ್ ಹಾಲ್‌ನಲ್ಲಿ ಸಾಲಿನಲ್ಲಿ ನಿಂತಿದ್ದೆ. ಕೈಯಲ್ಲಿ ಸಿಂಹದ ಮುದ್ರೆಯ ನೀಲಿ ಪಾಸ್‌ಪೋರ್ಟು. ಬ್ರಿಟನ್ನಿನ ಪಾರ್ಲಿಮೆಂಟಿಗೆ ವೋಟು ಹಾಕಲು ಭಾರತದ ಪಾಸ್‌ಪೋರ್ಟು ತೋರಿಸಿದರೆ ಸಾಕು ಅಂದರೆ ಸಾಗರದ ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ಆದರೆ ನಿಜ. ಕಾಮನ್‌ವೆಲ್ತ್ ದೇಶದವರು ಸರಿಯಾದ ವೀಸಾ ಇಟ್ಟುಕೊಂಡು ಇಲ್ಲಿ ವಾಸವಿದ್ದರೆ ವೋಟು ಇದೆ. ಮೇಜಿನ ಹಿಂದೆ ಕೂತಿದ್ದ ಅಜ್ಜಿ ಫೋಟೊ ನೋಡಿದರು, ನನ್ನ ಮುಖ ನೋಡಿದರು, ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರು. ದಾರ ಕಟ್ಟಿದ ಮೋಟು ಪೆನ್ಸಿಲ್‌ನಲ್ಲಿ ಒಂದು ಗುಣಾಕಾರ ಚಿಹ್ನೆ. ಮುಗೀತು. ಹೊರಗೆ ಬಂದ ಮೇಲೆ ಎಡಗೈ ತೋರುಬೆರಳು ನೋಡಿಕೊಂಡೆ. ಶಾಯಿ ಇಲ್ಲದೆ ವೋಟು ಹಾಕಿದ ಹಾಗೇ ಅನಿಸಲಿಲ್ಲ.

ಅಲ್ಲಿಂದ ನೇರ ಸ್ಟೇಷನ್ನಿಗೆ. ಹೋಗಬೇಕಾದದ್ದು ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರಾಗೆ, ದೊಡ್ಡಮ್ಮನ ಮಗಳ ಮನೆಗೆ. ಅಕ್ಕ, ಭಾವ ಅಲ್ಲಿ ನೆಲೆಸಿ ಹದಿನೈದು ವರ್ಷ ಆಯಿತು. ಬ್ಯಾಗಿನಲ್ಲಿ ಬಟ್ಟೆಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದು ಅಪ್ಪೆಮಿಡಿ ಉಪ್ಪಿನಕಾಯಿಯ ಎರಡು ಜಾಡಿ. ಕಳೆದ ವಾರ ಊರಿಂದ ಬಂದ ಗೆಳೆಯನ ಕೈಲಿ ಅಮ್ಮ ಕಳಿಸಿದ್ದು. ಎರಡು ಪ್ಲಾಸ್ಟಿಕ್ ಕವರು, ಅದರ ಮೇಲೆ ಹಳೇ ಪೇಪರು, ಅದರ ಮೇಲೆ ನನ್ನ ಸ್ವೆಟರು. ಆದರೂ ಬೋಗಿಯಲ್ಲಿ ಇಂಗಿನ ವಾಸನೆ ಸಣ್ಣಗೆ ತೇಲುತ್ತಿತ್ತು. ಪಕ್ಕದವರು ಮೂಗು ಏರಿಸಿದಾಗಲೆಲ್ಲ ನಾನು ಕಿಟಕಿ ಕಡೆ ನೋಡಿದೆ.

ಕಿಟಕಿ ಕಡೆ ನೋಡಲು ಬೇಕಾದಷ್ಟಿದೆ ಈ ದಾರಿಯಲ್ಲಿ. ಒಂದೂವರೆ ಗಂಟೆಯ ಪ್ರಯಾಣ. ಬಲಗಡೆ ಕೂತರೆ ಸಮುದ್ರ. ಬೆರಿಕ್‌ನಲ್ಲಿ ಟ್ವೀಡ್ ನದಿಯ ಮೇಲೆ 28 ಕಮಾನಿನ ಕಲ್ಲಿನ ಸೇತುವೆ. ಅದು ದಾಟಿ ಸ್ವಲ್ಪ ಹೊತ್ತಿಗೆ ಹಳಿಯ ಪಕ್ಕ ಗಡಿಯ ಬೋರ್ಡು ಸರ್ರನೆ ಹಿಂದೆ ಹೋಗುತ್ತದೆ. ಕಣ್ಣು ಮಿಟುಕಿಸಿದರೆ ಸಿಗುವುದಿಲ್ಲ. ಗಡಿಯ ಆಚೆ ಈಚೆ ಅದೇ ಹುಲ್ಲು, ಅದೇ ಕುರಿ.

ಬೇರೆ ಆಗುವುದು ಸಂಬಳದ ಚೀಟಿ. ನಾನು ಮತ್ತು ಭಾವ ಇಬ್ಬರೂ ಸಾಫ್ಟ್‌ವೇರ್ ಕೆಲಸದವರು. ನನಗೆ ವರ್ಷಕ್ಕೆ 50,270 ಪೌಂಡ್ ದಾಟಿದ ಮೇಲಿನ ದುಡ್ಡಿಗೆ 40% ತೆರಿಗೆ. ಭಾವನಿಗೆ 43,662 ದಾಟಿದರೆ ಸಾಕು, 42%. ಇದನ್ನು ಹೇಳಿ ನಾನು ನಗುತ್ತೇನೆ. ಅವರು ಸುಮ್ಮನಿರುವುದಿಲ್ಲ. ನಾನು ಔಷಧಿ ಚೀಟಿ ತಗೊಂಡು ಹೋದರೆ ಒಂದೊಂದು ಔಷಧಿಗೂ 9 ಪೌಂಡ್ 90 ಪೆನ್ಸ್ ಕೊಡಬೇಕು, ಅವರ ಕಡೆ 2011ರಿಂದ ಅದು ಉಚಿತ. ಅವರ ಮಗಳು ಅಲ್ಲೇ ಡಿಗ್ರಿ ಓದಿದರೆ ಫೀಸೂ ಇಲ್ಲ. ಆರೋಗ್ಯ, ಶಿಕ್ಷಣ, ಪೊಲೀಸು, ಆದಾಯ ತೆರಿಗೆಯ ದರ, ಇವೆಲ್ಲ ಎಡಿನ್‌ಬರಾದ ಪಾರ್ಲಿಮೆಂಟಿನ ಕೈಯಲ್ಲಿ. ರಕ್ಷಣೆ, ವಿದೇಶ, ವೀಸಾ, ದೊಡ್ಡ ಖಜಾನೆ ಲಂಡನ್ನಿನ ಕೈಯಲ್ಲಿ. ಇವತ್ತಿನ ಚುನಾವಣೆ ಲಂಡನ್ನಿನದು. ಎಡಿನ್‌ಬರಾದ್ದು 2026ರ ಮೇ 7ಕ್ಕೆ.

ಸಂಜೆ ಲೀತ್‌ನ ಅವರ ಮನೆಯಲ್ಲಿ ಅನ್ನ, ತಂಬುಳಿ ಊಟ. ಜಾಡಿ ಬಿಚ್ಚಿದಾಗ ಸುತ್ತಿದ್ದ ಪೇಪರು ಮೇಜಿನ ಮೇಲೆ ಉಳಿಯಿತು. ನೋಡಿದರೆ ಜೂನ್ 5ರ ಪೇಪರು. ನಮ್ಮ ಲೋಕಸಭೆ ಫಲಿತಾಂಶ, ಮೇಲೆ ಎಣ್ಣೆಯ ಒಂದು ಕಲೆ. ಕರ್ನಾಟಕ: ಬಿಜೆಪಿ 17, ಕಾಂಗ್ರೆಸ್ 9, ಜೆಡಿಎಸ್ 2. ಭಾವ ಅದನ್ನು ಇಸ್ತ್ರಿ ಮಾಡುವ ಹಾಗೆ ಅಂಗೈಯಲ್ಲಿ ಸವರಿ, ಮಡಚಿ, ಟಿವಿ ಪಕ್ಕ ಇಟ್ಟರು.

ರಾತ್ರಿ ಹತ್ತಕ್ಕೆ ಸರಿಯಾಗಿ ಎಕ್ಸಿಟ್ ಪೋಲ್. ಹೊರಗೆ ಇನ್ನೂ ಬೆಳಕು, ಆಗಷ್ಟೇ ಸೂರ್ಯ ಮುಳುಗಿದ್ದ. ಲೇಬರ್ 410, ಕನ್ಸರ್ವೇಟಿವ್ 131. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಭಾವ ಕುರ್ಚಿಯಿಂದ ಎದ್ದದ್ದು ಕೆಳಗಿನ ಸಾಲು ನೋಡಿ. ಎಸ್‌ಎನ್‌ಪಿ 10. ಸ್ಕಾಟ್ಲೆಂಡ್ ಬೇರೆ ದೇಶ ಆಗಬೇಕು ಅನ್ನುವ ಪಕ್ಷ ಅದು, 2007ರಿಂದ ಎಡಿನ್‌ಬರಾದಲ್ಲಿ ಅದರದ್ದೇ ಸರ್ಕಾರ. ಹಿಂದಿನ ಸಲ ಲಂಡನ್ನಿಗೆ 48 ಜನರನ್ನು ಕಳಿಸಿತ್ತು.

"ಮುಗೀತು ಮಾರಾಯ" ಅಂದರು ಭಾವ. "2026ಕ್ಕೆ ಇಲ್ಲೂ ಲೇಬರ್. ಬರೆದಿಟ್ಕೊ."

"ಬರೆದಿಟ್ಕೊಳ್ಳೋದು ಯಾಕೆ ಭಾವ, ಪಂಥ ಕಟ್ಟೋಣ" ಅಂದೆ. ಆ ಹೊತ್ತಿಗೆ ಅದು ಸುಮ್ನೆ ಬಾಯಿಗೆ ಬಂದ ಮಾತು.

ಹದಿನಾರು ವರ್ಷದ ಸೊಸೆ ಸೋಫಾದ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಅವಳ ಸಿಟ್ಟು ಬೇರೆ. "ಮಾಮ, ಎಡಿನ್‌ಬರಾ ಪಾರ್ಲಿಮೆಂಟಿಗೆ ನಾನು ವೋಟ್ ಹಾಕಬಹುದು. ಲಂಡನ್ನಿಗೆ ಹದಿನೆಂಟಾಗಬೇಕಂತೆ. ಒಂದೇ ತಲೆ, ಒಂದಕ್ಕೆ ಬುದ್ಧಿ ಇದೆ, ಇನ್ನೊಂದಕ್ಕೆ ಇಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಹನ್ನೊಂದರ ಹೊತ್ತಿಗೆ ಆಸ್ಪತ್ರೆ ಡ್ಯೂಟಿ ಮುಗಿಸಿ ಅಕ್ಕ ಬಂದಳು. ಕೋಟು ಬಿಚ್ಚುತ್ತಾ ಟಿವಿ ನೋಡಿ ಅಂದಳು: "ಆರು ವಾರದಿಂದ ಎಲ್ಲರೂ ನಮ್ಮ ಆಸ್ಪತ್ರೆ ಬಗ್ಗೆನೇ ಭಾಷಣ ಮಾಡಿದ್ರು. ಇವತ್ತು ಗೆದ್ದವರಿಗೆ ನಮ್ಮ ಆಸ್ಪತ್ರೆಯ ಒಂದು ಮಂಚ ಸರಿಸೋ ಅಧಿಕಾರನೂ ಇಲ್ಲ."

ನಾಲ್ಕು ದಿನ ಊರೂರು ಸುತ್ತಿ ನಾನು ಕೇಳಿದ್ದರಲ್ಲಿ ಅಕ್ಕನ ಈ ಮಾತಿಗಿಂತ ಸರಿಯಾದದ್ದು ಇನ್ನೊಂದಿಲ್ಲ.

ಎರಡನೇ ದಿನ: ಶುಕ್ರವಾರ, ಜುಲೈ 5

ಮಲಗಿದ್ದು ನಾಲ್ಕಕ್ಕೆ. ಎದ್ದಾಗ ಹತ್ತೂವರೆ. ಅಷ್ಟರಲ್ಲಿ ಲೆಕ್ಕ ಸ್ಪಷ್ಟವಾಗಿತ್ತು. ಸ್ಕಾಟ್ಲೆಂಡಿನ 57 ಸೀಟಿನಲ್ಲಿ ಲೇಬರ್ 37. ಹಿಂದಿನ ಸಲ ಒಂದೇ ಒಂದು ಗೆದ್ದಿದ್ದ ಪಕ್ಷ! ಗ್ಲಾಸ್ಗೋದ ಆರಕ್ಕೆ ಆರೂ ಅವರಿಗೆ. ಎಸ್‌ಎನ್‌ಪಿಗೆ 9. ಉತ್ತರದ ಒಂದು ಕ್ಷೇತ್ರ ಮಾತ್ರ ಬಾಕಿ, ಅಲ್ಲಿ ಎಣಿಕೆಯ ಲೆಕ್ಕ ತಾಳೆಯಾಗದೆ ನಾಳೆ ಮತ್ತೆ ಎಣಿಸುತ್ತಾರಂತೆ.

ಭಾವ ಎಣ್ಣೆ ಕಲೆಯ ಪೇಪರು ತಂದು ಎದುರಿಗಿಟ್ಟರು. "ನೋಡು. ಅಲ್ಲಿ ರಾಜ್ಯ ಆಳುವ ಪಕ್ಷಕ್ಕೆ ಒಂಬತ್ತು. ಇಲ್ಲಿ ಆಳುವ ಪಕ್ಷಕ್ಕೂ ಒಂಬತ್ತು."

"ಅಲ್ಲಿ ಹಿಂದಿನ ವರ್ಷ ವಿಧಾನಸಭೆಗೆ ಅದೇ ಜನ ಅದೇ ಪಕ್ಷಕ್ಕೆ 135 ಕೊಟ್ಟಿದ್ರಲ್ವಾ ಭಾವ? ಅದಕ್ಕೇನಂತೀರಿ?"

ಅವರು ಕಾಫಿ ತರಲು ಎದ್ದು ಹೋದರು.

ಹನ್ನೆರಡಕ್ಕೆ ಹೊರಟು ಬಸ್ ಹತ್ತಿದೆವು. ಸೊಸೆ ಕಾರ್ಡು ತಾಗಿಸಿದಳು, ಅವಳಿಗೆ ಉಚಿತ. 2022ರಿಂದ 22ರೊಳಗಿನ ಎಲ್ಲರಿಗೂ ಸ್ಕಾಟ್ಲೆಂಡಿನಲ್ಲಿ ಬಸ್ಸು ಪುಕ್ಕಟೆ. ನಮ್ಮ ಕಡೆ ಶಕ್ತಿ ಯೋಜನೆ ನೆನಪಾಯಿತು. ಇಳಿದು ಕ್ಯಾಲ್ಟನ್ ಹಿಲ್ ಹತ್ತಿದೆವು. ಗುಡ್ಡ ಅಂದರೆ ಗುಡ್ಡ ಅಷ್ಟೇ, ಹತ್ತು ನಿಮಿಷ. ಗಾಳಿ ಮಾತ್ರ ಆಗುಂಬೆ ಘಾಟಿಯದ್ದು. ಮೇಲೆ ಗ್ರೀಕ್ ದೇವಸ್ಥಾನದ ಥರದ ಹನ್ನೆರಡು ಕಂಬ ನಿಂತಿವೆ. 1826ರಲ್ಲಿ ಶುರು ಮಾಡಿ, ಮೂರು ವರ್ಷಕ್ಕೆ ದುಡ್ಡು ಮುಗಿದು, ಹಾಗೇ ಬಿಟ್ಟದ್ದು. ಎಲ್ಲರೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು.

ನಾನು ಹುಡುಕುತ್ತಿದ್ದದ್ದು ಬೇರೆ. ಗುಡ್ಡದ ಒಂದು ಮಗ್ಗುಲಲ್ಲಿ, ಆಳೆತ್ತರದ ಕಲ್ಲಿನ ಗುಪ್ಪೆ. ತಲೆಯ ಮೇಲೆ ಕಬ್ಬಿಣದ ಬೆಂಕಿಬುಟ್ಟಿ. ಬೇರೆ ಬೇರೆ ಕಡೆಯಿಂದ ತಂದ ಕಲ್ಲು, ಆಶ್ವಿಟ್ಜ್‌ನಿಂದ ತಂದದ್ದೂ ಒಂದು ಇದೆ. ಗುಪ್ಪೆಯ ಸಂದಿನಲ್ಲಿ ಯಾರೋ ಚಿಪ್ಸ್ ಪ್ಯಾಕೆಟ್ ತುರುಕಿದ್ದರು. ಸೊಸೆ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡಳು.

ಇದರ ಕಥೆ ಹೇಳಲು ಹಿಂದಕ್ಕೆ ಹೋಗಬೇಕು. 1979ರ ಮಾರ್ಚ್ 1. ಸ್ಕಾಟ್ಲೆಂಡಿಗೆ ಒಂದು ವಿಧಾನಸಭೆ ಬೇಕಾ ಅಂತ ಜನರನ್ನೇ ಕೇಳಿದರು. ವೋಟು ಹಾಕಿದವರಲ್ಲಿ 51.6% ಬೇಕು ಅಂದರು. ಗೆದ್ದ ಹಾಗಾಯ್ತಲ್ಲ ಅಂದರೆ ಇಲ್ಲ, ಲಂಡನ್ನಿನಲ್ಲಿ ಮೊದಲೇ ಒಂದು ಕೊಕ್ಕೆ ಹಾಕಿದ್ದರು. ಮತದಾರರ ಪಟ್ಟಿಯಲ್ಲಿರುವ ಒಟ್ಟು ಜನರ 40% ಬೇಕಂತೆ. ಬಂದದ್ದು 32.9%. ಮನೆಯಲ್ಲಿ ಕೂತವರು, ಸತ್ತು ಪಟ್ಟಿಯಲ್ಲಿ ಉಳಿದವರು, ಎಲ್ಲರೂ ಬೇಡ ಅಂದ ಲೆಕ್ಕ. ಸಿಟ್ಟಿಗೆದ್ದ ಎಸ್‌ಎನ್‌ಪಿ ಲೇಬರ್ ಸರ್ಕಾರದ ಮೇಲೆ ಅವಿಶ್ವಾಸ ತಂದಿತು. ಬೇಗ ಕ್ರಿಸ್‌ಮಸ್ ಬರಲಿ ಅಂತ ಟರ್ಕಿ ಕೋಳಿಗಳೇ ವೋಟು ಹಾಕಿದ ಹಾಗಿದೆ ಇದು, ಅಂದರು ಪ್ರಧಾನಿ ಕ್ಯಾಲಹನ್. ಕ್ರಿಸ್‌ಮಸ್ ಊಟಕ್ಕೆ ಕೊಯ್ಯುವುದೇ ಆ ಕೋಳಿಯನ್ನು. 311ಕ್ಕೆ 310. ಒಂದೇ ಒಂದು ವೋಟಿನಲ್ಲಿ ಸರ್ಕಾರ ಬಿತ್ತು. ಚುನಾವಣೆಯಲ್ಲಿ ಥ್ಯಾಚರ್ ಗೆದ್ದರು, ಎಸ್‌ಎನ್‌ಪಿ 11ರಿಂದ 2ಕ್ಕೆ ಇಳಿಯಿತು. ಕೋಳಿಯ ಮಾತು ನಿಜವಾಯಿತು. ಸ್ಕಾಟ್ಲೆಂಡಿನ ವಿಧಾನಸಭೆ ಹದಿನೆಂಟು ವರ್ಷ ಹಿಂದೆ ಹೋಯಿತು.

ಆ ಹದಿನೆಂಟು ವರ್ಷ ಸ್ಕಾಟ್ಲೆಂಡ್ ವೋಟು ಹಾಕಿದ್ದು ಒಬ್ಬರಿಗೆ, ಆಳಿದ್ದು ಇನ್ನೊಬ್ಬರು. 1987ರಲ್ಲಿ ಇಲ್ಲಿನ 72 ಸೀಟಿನಲ್ಲಿ ಕನ್ಸರ್ವೇಟಿವ್‌ಗೆ ಸಿಕ್ಕಿದ್ದು 10. ಆದರೂ ತಲೆಗಂದಾಯವನ್ನು ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲು, 1989ರಲ್ಲಿ, ಇಲ್ಲಿ ಜಾರಿಗೆ ತಂದರು. 1992ರಲ್ಲಿ ಈ ಸಲವಾದರೂ ಲೇಬರ್ ಬರುತ್ತದೆ ಅಂತ ಕಾದರು. ಬರಲಿಲ್ಲ. ಫಲಿತಾಂಶದ ದಿನವೇ, ಏಪ್ರಿಲ್ 10ಕ್ಕೆ, ಕೆಲವರು ಈ ಗುಡ್ಡದ ಕೆಳಗೆ ಹಳೇ ರಾಯಲ್ ಹೈಸ್ಕೂಲಿನ ಗೇಟಿನ ಎದುರು ಬೆಂಕಿ ಹಾಕಿಕೊಂಡು ಕೂತರು. ಅಲ್ಲೇ ಯಾಕೆ ಅಂದರೆ 1979ರಲ್ಲಿ ಬರದೇ ಹೋದ ಆ ವಿಧಾನಸಭೆಗೆ ಅಂತಲೇ ಅದರ ಹಾಲ್ ರೆಡಿ ಮಾಡಿಟ್ಟಿದ್ದರು. ಪಾರ್ಲಿಮೆಂಟ್ ಕೊಡುವ ತನಕ ಏಳುವುದಿಲ್ಲ ಅಂತ ಹಗಲೂ ರಾತ್ರಿ ಪಾಳಿಯಲ್ಲಿ ಕೂತರು. 1,980 ದಿನ. ಇಲ್ಲಿನ ಚಳಿಗಾಲದಲ್ಲಿ, ಐದು ವರ್ಷದ ಮೇಲೆ! ಅವರ ನೆನಪಿಗೆ ಈ ಗುಪ್ಪೆ, ಆ ಬುಟ್ಟಿ.

1997ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಲೇಬರ್ ಬಂತು. ಸ್ಕಾಟ್ಲೆಂಡಿನಲ್ಲಿ ಕನ್ಸರ್ವೇಟಿವ್‌ಗೆ ಸೊನ್ನೆ. ಸೆಪ್ಟೆಂಬರ್ 11ಕ್ಕೆ ಮತ್ತೆ ಜನರನ್ನು ಕೇಳಿದರು, 74.3% ಬೇಕು ಅಂದರು. ಹದಿನೆಂಟು ವರ್ಷದಲ್ಲಿ ಆಗದ್ದು ನಾಲ್ಕೇ ತಿಂಗಳಲ್ಲಿ ಆಯಿತು. ಲಂಡನ್ನಿನಲ್ಲಿ ಯಾರು ಕೂತಿದ್ದಾರೆ ಅನ್ನುವುದಷ್ಟೇ ಬದಲಾದದ್ದು.

ಗುಡ್ಡ ಇಳಿದು ಹಾಲಿರೂಡ್‌ಗೆ ನಡೆದೆವು. ರಾಜನ ಅರಮನೆಯ ಎದುರಿಗೇ ಪಾರ್ಲಿಮೆಂಟು. ಮೊದಲು ಅಲ್ಲೊಂದು ಬಿಯರ್ ಕಾರ್ಖಾನೆ ಇತ್ತಂತೆ. ಕಟ್ಟಡ ಸಾಧಾರಣದ್ದಲ್ಲ. ವಿಧಾನಸೌಧದ ಹಾಗೆ ದೂರದಿಂದ ಕೈ ಮುಗಿಯಬೇಕು ಅನಿಸುವುದಿಲ್ಲ. ಮಗುಚಿಟ್ಟ ದೋಣಿಗಳ ಹಾಗೆ, ಎಲೆಗಳ ಹಾಗೆ, ಎಲ್ಲೆಂದರಲ್ಲಿ ಬಾಗಿಕೊಂಡಿದೆ. ಶಾಸಕರ ಕೋಣೆಗಳಿಗೆ ಹೊರಚಾಚಿದ ಕಿಟಕಿ, ಒಳಗೆ ಒಬ್ಬರು ಕೂತು ಯೋಚನೆ ಮಾಡಲು ಸಣ್ಣ ಕಟ್ಟೆ. ಕಟ್ಟಡ ವಿನ್ಯಾಸ ಮಾಡಿದ ಎನ್ರಿಕ್ ಮಿರಾಯೆಸ್ ಅದು ಮುಗಿಯುವ ಮೊದಲೇ, 2000ದಲ್ಲಿ ತೀರಿಕೊಂಡರು. ಅದೇ ವರ್ಷ ಮೊದಲ ಫಸ್ಟ್ ಮಿನಿಸ್ಟರ್, ಅಂದರೆ ಇಲ್ಲಿನ ಮುಖ್ಯಮಂತ್ರಿ, ಡೊನಾಲ್ಡ್ ಡ್ಯೂವರ್ ಕೂಡ. ಶುರುವಿನಲ್ಲಿ 10ರಿಂದ 40 ಮಿಲಿಯನ್ ಪೌಂಡ್ ಅಂದಿದ್ದರು, 2004ರಲ್ಲಿ ಮುಗಿಯುವ ಹೊತ್ತಿಗೆ 414 ಮಿಲಿಯನ್. ಈ ಲೆಕ್ಕ ಕೇಳಿದಾಗ ಮಾತ್ರ ನನಗೆ ನಮ್ಮೂರಲ್ಲೇ ಇದ್ದೇನೆ ಅನಿಸಿತು.

ಹೊರಗೋಡೆಯಲ್ಲಿ ಬಗೆಬಗೆಯ ಕಲ್ಲು ಕೂರಿಸಿ ಮಾತುಗಳನ್ನು ಕೆತ್ತಿದ್ದಾರೆ. ಒಂದು ಮಾತು ಹಳೇ ಕಾದಂಬರಿಯ ಒಬ್ಬ ಹೆಂಗಸಿನದು. ನಮ್ಮದೇ ರಾಜ, ನಮ್ಮದೇ ಪಾರ್ಲಿಮೆಂಟಿನವರು ಇದ್ದಾಗ, ಅವರು ತಂಟೆ ಮಾಡಿದರೆ ಕಲ್ಲು ಹೊಡೆಯಬಹುದಿತ್ತು. ಈಗ ಲಂಡನ್ನಿನ ತನಕ ಯಾರ ಉಗುರು ತಲುಪುತ್ತದೆ, ಅಂತ ಅವಳ ಗೊಣಗಾಟ. ನಾನು ಎರಡು ಸಲ ಓದಿದೆ. ನಮ್ಮ ಮುಖ್ಯಮಂತ್ರಿಗಳು ಫೆಬ್ರವರಿಯಲ್ಲಿ ಸಚಿವರನ್ನೆಲ್ಲ ಕಟ್ಟಿಕೊಂಡು ದೆಹಲಿಯ ಜಂತರ್ ಮಂತರ್‌ಗೆ ಹೋಗಿ ಕೂತಿದ್ದು ನೆನಪಾಯಿತು. ಉಗುರು ತಲುಪಿಸಲು ಹೋದದ್ದು.

ಒಳಗೆ ಸಭೆಯ ಹಾಲ್ ಅರ್ಧ ಚಂದ್ರಾಕಾರ. ಲಂಡನ್ನಿನ ಹಾಗೆ ಎದುರುಬದುರು ಕೂತು ಜಗಳಕ್ಕೆ ನಿಂತ ಹಾಗಿಲ್ಲ. ಬೇಸಿಗೆ ರಜೆ, ಸೀಟೆಲ್ಲ ಖಾಲಿ. ಒಟ್ಟು 129. ಸೊಸೆ ಶಾಲೆಯಲ್ಲಿ ಕಲಿತದ್ದನ್ನು ನನಗೆ ಕಲಿಸಿದಳು. ಇಲ್ಲಿಗೆ ವೋಟು ಹಾಕುವಾಗ ಎರಡು ಚೀಟಿ. ತಿಳಿನೇರಳೆ ಬಣ್ಣದ್ದು ಕ್ಷೇತ್ರಕ್ಕೆ, ಅದರಲ್ಲಿ 73 ಜನ. ಪೀಚ್ ಬಣ್ಣದ್ದು ಪಕ್ಷಕ್ಕೆ, ಅದರಲ್ಲಿ 56. ಕ್ಷೇತ್ರದಲ್ಲಿ ಜಾಸ್ತಿ ಬಾಚಿದ ಪಕ್ಷಕ್ಕೆ ಎರಡನೆಯದರಲ್ಲಿ ಕಡಿಮೆ ಕೊಟ್ಟು ತೂಗಿಸುತ್ತಾರೆ. ನಿನ್ನೆಯ ಚುನಾವಣೆಯಲ್ಲಿ ಹಾಗಿಲ್ಲ. ಲೇಬರ್‌ಗೆ ಬಂದದ್ದು 35% ವೋಟು, ಎಸ್‌ಎನ್‌ಪಿಗೆ 30%. ಐದು ಪರ್ಸೆಂಟಿನ ಅಂತರ 37ಕ್ಕೆ 9 ಆಯಿತು. ಇಲ್ಲಿನ ಲೆಕ್ಕದಲ್ಲಿ ಅದೇ ವೋಟು ಹಾಕಿದರೆ ಎರಡೂ ಪಕ್ಷ ಹೆಚ್ಚುಕಮ್ಮಿ ಪಕ್ಕಪಕ್ಕದಲ್ಲೇ ಇರುತ್ತವೆ.

"ಪಂಥ ಖಾಯಂ ಭಾವ" ಅಂದೆ ಅಲ್ಲೇ ನಿಂತು. "ನಾನು ತಂದ ಎರಡನೇ ಜಾಡಿ ಒಡೆಯೋದು ಬೇಡ. 2026ಕ್ಕೆ ಇಲ್ಲಿ ಲೇಬರ್ ಮೊದಲ ಪಕ್ಷ ಆದರೆ ಜಾಡಿ ನಿಮಗೆ. ಎಸ್‌ಎನ್‌ಪಿ ಆದರೆ ವಾಪಸ್ ನನಗೆ."

ಮೂರನೇ ದಿನ: ಶನಿವಾರ, ಜುಲೈ 6

ಬಾಕಿ ಉಳಿದ ಆ ಕ್ಷೇತ್ರ ಇನ್ವರ್ನೆಸ್, ಸ್ಕೈ ಮತ್ತು ಪಶ್ಚಿಮ ರಾಸ್‌ಶೈರ್. ಹೇಗೂ ಇನ್ವರ್ನೆಸ್‌ಗೆ ಹೋಗುವವರಿದ್ದೆವು. ಅಕ್ಕನಿಗೆ ಡ್ಯೂಟಿ. ನಾವು ಮೂವರು ರೈಲು ಹತ್ತಿದೆವು. ಮೂರೂವರೆ ಗಂಟೆ. ಪರ್ತ್ ದಾಟಿದ ಮೇಲೆ ಕಾಡು, ಆಮೇಲೆ ಕಾಡೂ ಮುಗಿದು ಬರೀ ಬೋಳು ಗುಡ್ಡ. ಡ್ರಮಾಕ್ಟರ್ ಕಣಿವೆಯಲ್ಲಿ ರೈಲು ಸಮುದ್ರಮಟ್ಟದಿಂದ 452 ಮೀಟರ್ ಎತ್ತರಕ್ಕೆ ಏರುತ್ತದೆ. ಮಳೆ ಹನಿ ಗಾಜಿನ ಮೇಲೆ ಅಡ್ಡಡ್ಡ ಓಡುತ್ತಿತ್ತು.

ಎದುರಿಗೆ ಕೂತಿದ್ದವರು ಏವಿಮೋರ್‌ನ ಒಬ್ಬ ಅಜ್ಜ. ನಾವು ಭಾರತದವರು ಅಂತ ಗೊತ್ತಾಗುತ್ತಲೇ ವಿಶ್ವಕಪ್ಪಿಗೆ ಶುಭಾಶಯ ಹೇಳಿದರು. ಹಿಂದಿನ ಶನಿವಾರವಷ್ಟೇ ಟಿ20 ಗೆದ್ದಿದ್ದೆವು. ಆಮೇಲೆ ಕೇಳಿದರು: "ನಿಮ್ಮ ಕೋಚ್ ನಮ್ಮ ತಂಡದಲ್ಲಿ ಆಡಿದ್ದು ಗೊತ್ತಾ?" ಗೊತ್ತಿಲ್ಲದೆ ಇರುತ್ತಾ! 2003ರ ಬೇಸಿಗೆಯಲ್ಲಿ ದ್ರಾವಿಡ್ ಸ್ಕಾಟ್ಲೆಂಡ್ ಪರ ಆಡಿದ್ದ. ಅವನು ನಮ್ಮ ರಾಜ್ಯದವನು, ನಮ್ಮ ಭಾಷೆ ಮಾತಾಡುವವನು ಅಂದೆ. ಅಜ್ಜ ನನ್ನ ಕೈ ಹಿಡಿದು ಕುಲುಕಿದರು. ದ್ರಾವಿಡ್‌ನ ಹೆಸರಲ್ಲಿ ಬೆಂಗಳೂರಿನಲ್ಲಿ ಸಿಗದ ಮರ್ಯಾದೆ ನನಗೆ ಆ ಕಣಿವೆಯಲ್ಲಿ ಸಿಕ್ಕಿತು.

ಇಷ್ಟಾದ ಮೇಲೆ ರಾಜಕೀಯ ಮಾತಾಡಲು ಸಂಕೋಚ ಉಳಿಯಲಿಲ್ಲ. ಅಜ್ಜ ಜೀವನವಿಡೀ ಎಸ್‌ಎನ್‌ಪಿ. ಈ ಸಲ? ಮನೆಯಲ್ಲೇ ಕೂತರಂತೆ. ಅಂಥವರು ತುಂಬ ಜನ. 2014ರಲ್ಲಿ ಸ್ವಾತಂತ್ರ್ಯದ ಪ್ರಶ್ನೆಗೆ 84.6% ಜನ ವೋಟು ಹಾಕಿದ ನಾಡಿನಲ್ಲಿ ಮೊನ್ನೆ ಹಾಕಿದ್ದು ಸುಮಾರು 59%.

ಯಾಕೆ ಅಂದರೆ ಕಿಟಕಿಯಾಚೆ ಬೆರಳು ತೋರಿಸಿದರು. ಹಳಿಯ ಜೊತೆಜೊತೆಗೇ ಓಡುವ ಎ9 ರಸ್ತೆ. ಒಂದು ಕಡೆ ಅಗಲ, ಇನ್ನೊಂದು ಕಡೆ ಒಂದೇ ಸಾಲು, ಲಾರಿ ಹಿಂದೆ ಹದಿನೈದು ಕಾರು. ಪರ್ತ್‌ನಿಂದ ಇನ್ವರ್ನೆಸ್ ತನಕ 2025ರೊಳಗೆ ಜೋಡಿ ರಸ್ತೆ ಮಾಡುತ್ತೇವೆ ಅಂತ ಎಸ್‌ಎನ್‌ಪಿ ಸರ್ಕಾರ ಮಾತು ಕೊಟ್ಟಿತ್ತು. ಈಗ 2035 ಅನ್ನುತ್ತಿದೆ. "ಅಷ್ಟರಲ್ಲಿ ನಾನೇ ಇರಲ್ಲ" ಅಂದರು ಅಜ್ಜ.

"ಆದರೆ ರಸ್ತೆ ಎಡಿನ್‌ಬರಾದವರ ಕೆಲಸ. ಮೊನ್ನೆ ಇದ್ದದ್ದು ಲಂಡನ್ನಿನ ಚುನಾವಣೆ ಅಲ್ವಾ?" ಅಂದೆ.

"ಕೈಗೆ ಯಾವ ಕೋಲು ಸಿಗುತ್ತೋ ಅದರಲ್ಲೇ ತಾನೇ ಹೊಡೆಯೋದು?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಎರಡು ವರ್ಷ ತಡಿ. ಆಗ ಸಿಟ್ಟು ಲಂಡನ್ನಿನವರ ಮೇಲೆ ಇರುತ್ತೆ, ಕೈಯಲ್ಲಿ ಎಡಿನ್‌ಬರಾದ ಕೋಲು ಇರುತ್ತೆ" ಅಂದರು.

ಭಾವನ ಮುಖ ಸಣ್ಣದಾಯಿತು. ನಾನು ಫೋನಿನಲ್ಲಿ ಹಳೇ ಲೆಕ್ಕ ತೆಗೆದೆ. 2010ರ ಚುನಾವಣೆಯಲ್ಲಿ ಸ್ಕಾಟ್ಲೆಂಡಿನ 59ರಲ್ಲಿ ಲೇಬರ್ 41 ಗೆದ್ದಿತ್ತು, ಎಸ್‌ಎನ್‌ಪಿಗೆ 6. ಆದರೆ ಲಂಡನ್ನಿನಲ್ಲಿ ಬಂದದ್ದು ಕನ್ಸರ್ವೇಟಿವ್ ಪ್ರಧಾನಿ, ಸ್ಕಾಟ್ಲೆಂಡಿನಲ್ಲಿ ಅವರಿಗೆ ಒಂದೇ ಸೀಟು. ಬರೋಬ್ಬರಿ ಒಂದು ವರ್ಷಕ್ಕೆ, 2011ರ ಮೇ ತಿಂಗಳಲ್ಲಿ, ಅದೇ ಎಸ್‌ಎನ್‌ಪಿ ಎಡಿನ್‌ಬರಾದಲ್ಲಿ 69 ಸೀಟು ಹೊಡೆಯಿತು. ಯಾರಿಗೂ ಪೂರ್ಣ ಬಹುಮತ ಸುಲಭಕ್ಕೆ ಬರದ ವ್ಯವಸ್ಥೆಯಲ್ಲಿ ಪೂರ್ಣ ಬಹುಮತ! ಆ ಬಹುಮತದಿಂದಲೇ 2014ರ ಜನಮತ ಬಂತು. ಅದರಲ್ಲಿ 55% ಜನ ಸ್ವಾತಂತ್ರ್ಯ ಬೇಡ ಅಂದರು. ಎಂಟೇ ತಿಂಗಳಿಗೆ ಲಂಡನ್ ಚುನಾವಣೆ ಬಂದಾಗ ಸೋತ ಪಕ್ಷಕ್ಕೇ 59ರಲ್ಲಿ 56 ಕೊಟ್ಟರು. ಒಂದರ ಫಲಿತಾಂಶ ನೋಡಿ ಇನ್ನೊಂದರ ಭವಿಷ್ಯ ಹೇಳಲು ಹೋದವರೆಲ್ಲ ಇಲ್ಲಿ ಮುಖ ಕೆಡಿಸಿಕೊಂಡಿದ್ದಾರೆ.

ಅಜ್ಜನಿಗೆ ನಮ್ಮ ರಾಮಕೃಷ್ಣ ಹೆಗಡೆಯವರ ಕಥೆ ಹೇಳಿದೆ. 1984ರ ಡಿಸೆಂಬರ್‌ನಲ್ಲಿ ಕರ್ನಾಟಕದ 28 ಲೋಕಸಭಾ ಸೀಟಿನಲ್ಲಿ ಅವರ ಜನತಾ ಪಕ್ಷಕ್ಕೆ ಸಿಕ್ಕಿದ್ದು 4. ಜನ ನನ್ನನ್ನು ಒಲ್ಲೆ ಅಂದಿದ್ದಾರೆ ಅಂತ ರಾಜೀನಾಮೆ ಕೊಟ್ಟು ವಿಧಾನಸಭೆ ಚುನಾವಣೆಗೆ ಹೋದರು. 1985ರ ಮಾರ್ಚ್‌ನಲ್ಲಿ ಅದೇ ಜನ 224ರಲ್ಲಿ 139 ಕೊಟ್ಟು ಕೂರಿಸಿದರು. ಅಜ್ಜ ತಲೆಯಾಡಿಸಿದರು. "ಬುದ್ಧಿವಂತ ಜನ" ಅಂದರು. ಏವಿಮೋರ್‌ನಲ್ಲಿ ಇಳಿದು ಹೋಗುವಾಗ ಕಿಟಕಿಯಿಂದ ಬ್ಯಾಟ್ ಬೀಸುವ ಹಾಗೆ ಕೈ ಮಾಡಿದರು. ನೇರ ಬ್ಯಾಟು, ಡಿಫೆನ್ಸು.

ಇನ್ವರ್ನೆಸ್‌ನಲ್ಲಿ ನೋಡಿದ್ದು ಕಡಿಮೆ. ಕೋಟೆಯಲ್ಲಿ ಕೆಲಸ ನಡೆಯುತ್ತಿತ್ತು. ಮಳೆಯಲ್ಲೇ ನೆಸ್ ನದಿ ದಂಡೆಯಲ್ಲಿ ನಡೆದೆವು, ಆಲೂಗಡ್ಡೆ ಸೂಪ್ ಕುಡಿದೆವು. ಐದಕ್ಕೆ ಒಂದು ಪಬ್ ಸೇರಿದೆವು. ಯೂರೋ ಫುಟ್‌ಬಾಲ್, ಇಂಗ್ಲೆಂಡ್ ಮತ್ತು ಸ್ವಿಟ್ಜರ್ಲೆಂಡ್. ಇಡೀ ಪಬ್ಬು ಸ್ವಿಟ್ಜರ್ಲೆಂಡಿನ ಕಡೆ! ನಾನು ಇಂಗ್ಲೆಂಡಿನಿಂದ ಬಂದವನು ಅಂತ ಸೊಸೆ ಜೋರಾಗಿ ಹೇಳಲು ಹೋದಳು, ಕಾಲು ತುಳಿದೆ. ಪೆನಾಲ್ಟಿಯಲ್ಲಿ ಇಂಗ್ಲೆಂಡ್ ಗೆದ್ದಾಗ ಪಬ್ಬು ಸಾವಿನ ಮನೆಯಾಯಿತು. ಅಷ್ಟರಲ್ಲಿ ಮೊಬೈಲಿನಲ್ಲಿ ಕೊನೆಯ ಫಲಿತಾಂಶವೂ ಬಂದಿತ್ತು. 650ನೇ ಸೀಟು. ಲಿಬರಲ್ ಡೆಮಾಕ್ರಾಟ್ ಗೆದ್ದಿತ್ತು, ಎಸ್‌ಎನ್‌ಪಿ ಸಂಸದರು ಸೋತಿದ್ದರು. ಪಬ್ಬಿನಲ್ಲಿ ಯಾರೂ ಆ ಸುದ್ದಿ ಎತ್ತಲಿಲ್ಲ.

ನಾಲ್ಕನೇ ದಿನ: ಭಾನುವಾರ, ಜುಲೈ 7

ಮಧ್ಯಾಹ್ನಕ್ಕೆ ವಾಪಸ್ ಎಡಿನ್‌ಬರಾ. ಹೊಸ ಪ್ರಧಾನಿ ಸ್ಟಾರ್ಮರ್ ಇವತ್ತೇ ಇಲ್ಲಿಗೆ ಬಂದಿದ್ದರು. ಕುರ್ಚಿಯಲ್ಲಿ ಕೂತು ಮೂರನೇ ದಿನಕ್ಕೆ! ಷಾರ್ಲೆಟ್ ಚೌಕದ ಬ್ಯೂಟ್ ಹೌಸ್ ಫಸ್ಟ್ ಮಿನಿಸ್ಟರ್ ಮನೆ. ಅದರ ಬಾಗಿಲಲ್ಲಿ ಜಾನ್ ಸ್ವಿನ್ನಿ ನಗುತ್ತಾ ಕೈ ಕುಲುಕಿದ್ದನ್ನು ಟಿವಿಯಲ್ಲಿ ನೋಡಿದೆವು. ಎರಡು ತಿಂಗಳ ಹಿಂದಷ್ಟೇ ಆ ಮನೆಗೆ ಬಂದವರು, ಮೊನ್ನೆ 39 ಸೀಟು ಕಳಕೊಂಡವರು. ಅವರಿಗೆ ಆ ನಗು ಎಷ್ಟು ಕಷ್ಟವಾಗಿರಬೇಕು ಅನಿಸಿತು.

ಅಕ್ಕ ಪತ್ರೊಡೆ ಮಾಡಲು ಕೆಸುವಿನ ಎಲೆ ಸಿಗದೆ ಪಾಲಕ್‌ನಲ್ಲಿ ಏನೋ ಮಾಡಿದ್ದಳು. ಚೆನ್ನಾಗೇ ಇತ್ತು. ಊಟದ ಜೊತೆ ವಾದ ಮುಂದುವರಿಯಿತು.

"ಸರಿ, ಎಸ್‌ಎನ್‌ಪಿನೇ ಬಂತು ಅಂತಿಟ್ಕೊ. ಬಂದು ಮಾಡೋದೆಂತ?" ಭಾವ ಕೇಳಿದರು. ಅದು ಸರಿಯಾದ ಪ್ರಶ್ನೆ. 2014ರ ಜನಮತಕ್ಕೆ ಲಂಡನ್ ಒಪ್ಪಿಗೆ ಕೊಟ್ಟಿತ್ತು. ಆಮೇಲೆ ಕೊಡಲಿಲ್ಲ. ಲಂಡನ್ನಿನ ಒಪ್ಪಿಗೆ ಇಲ್ಲದೆ ಜನಮತಕ್ಕೆ ಕಾನೂನು ಮಾಡುವ ಹಾಗಿಲ್ಲ ಅಂತ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎಡಿನ್‌ಬರಾ ಪಾಸು ಮಾಡಿದ ಲಿಂಗ ಗುರುತಿನ ಮಸೂದೆಯನ್ನು 2023ರ ಜನವರಿಯಲ್ಲಿ ಲಂಡನ್ ತಡೆದು ನಿಲ್ಲಿಸಿತು. ಹಾಗೆ ತಡೆಯಲು ಬಿಡುವ, ಎಡಿನ್‌ಬರಾ ಪಾರ್ಲಿಮೆಂಟನ್ನು ಹುಟ್ಟಿಸಿದ 1998ರ ಕಾಯ್ದೆಯ 35ನೇ ಸೆಕ್ಷನ್ನನ್ನು ಅದಕ್ಕೆ ಮೊದಲು ಯಾರೂ ಬಳಸಿರಲಿಲ್ಲ. ನಮ್ಮ ಕಡೆ ಹಿಂದೆ ಸರ್ಕಾರಗಳನ್ನೇ ಎತ್ತಿ ಬಿಸಾಡುತ್ತಿದ್ದರು. 1989ರಲ್ಲಿ ಎಸ್. ಆರ್. ಬೊಮ್ಮಾಯಿಯವರದ್ದು ಹೋಯಿತು, ಅವರು ಕೋರ್ಟಿಗೆ ಹೋಗಿ 1994ರಲ್ಲಿ ಆ ಆಟಕ್ಕೆ ಕಡಿವಾಣ ಬಿತ್ತು. ಇಲ್ಲಿ ಸರ್ಕಾರ ಬೀಳಿಸುವುದಿಲ್ಲ, ಮಸೂದೆಯನ್ನಷ್ಟೇ ಹಿಡಿದುಕೊಳ್ಳುತ್ತಾರೆ.

ದುಡ್ಡಿನದ್ದು ಇನ್ನೊಂದು. ಎಡಿನ್‌ಬರಾದ ಚೀಲದ ದೊಡ್ಡ ಪಾಲು ತುಂಬುವುದು ಬಾರ್ನೆಟ್ ಸೂತ್ರದಿಂದ. ಇಂಗ್ಲೆಂಡಿನಲ್ಲಿ ಆಸ್ಪತ್ರೆಗೆ, ಶಾಲೆಗೆ ಖರ್ಚು ಜಾಸ್ತಿ ಮಾಡಿದರೆ ಜನಸಂಖ್ಯೆಯ ಲೆಕ್ಕದಲ್ಲಿ ಇಲ್ಲಿಗೂ ಒಂದು ಪಾಲು. ಅಲ್ಲಿ ಬಿಗಿ ಹಿಡಿದರೆ ಇಲ್ಲೂ ಬಿಗಿ. ಹಾಗಾಗಿ ಲೇಬರ್ ದುಡ್ಡು ಬಿಚ್ಚಿದರೆ ಎಡಿನ್‌ಬರಾದ ಎಸ್‌ಎನ್‌ಪಿ ಸರ್ಕಾರಕ್ಕೇ ಲಾಭ. ಬಿಚ್ಚದಿದ್ದರೆ ಬೈಗುಳ ಇಲ್ಲಿನ ಲೇಬರ್‌ಗೆ. ಇಲ್ಲಿನ ಲೇಬರ್ ನಾಯಕ ಅನಾಸ್ ಸರ್ವಾರ್ ಈ ಗೆಲುವಿನಿಂದ ಖುಷಿ ಪಡಬೇಕೋ ಹೆದರಬೇಕೋ ಗೊತ್ತಿಲ್ಲ. ನನ್ನ ಕೇಳಿದರೆ ಸ್ವಲ್ಪ ಹೆದರುವುದು ಒಳ್ಳೆಯದು.

"ನಾನು ಯಾರಿಗೆ ಹಾಕ್ತೀನಿ ಅಂತ ಯಾರೂ ಕೇಳಲೇ ಇಲ್ಲ" ಅಂದಳು ಸೊಸೆ. ನಾವು ಮೂವರೂ ಅವಳ ಕಡೆ ತಿರುಗಿದೆವು. "ಹೇಳಲ್ಲ" ಅಂದಳು.

ಐದನೇ ದಿನ: ಸೋಮವಾರ, ಜುಲೈ 8

ಬೆಳಗಿನ ರೈಲು. ಹೊರಡುವ ಮುಂಚೆ ಪಂಥದ ಜಾಡಿಯನ್ನು ಅದೇ ಎಣ್ಣೆ ಕಲೆಯ ಪೇಪರಿನಲ್ಲಿ ಮತ್ತೆ ಸುತ್ತಿ, ದಾರ ಕಟ್ಟಿ, ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಅಕ್ಕಿ ಡಬ್ಬದ ಹಿಂದೆ ಇಟ್ಟೆವು. ಸೊಸೆ ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ತಾನೇ ಕನ್ನಡದಲ್ಲಿ ಬರೆದಳು: "ಮೇ 7, 2026. ಮುಟ್ಟಬಾರದು." "ಮುಟ್ಟ" ಒಂದು ಸಾಲಿನಲ್ಲಿ, "ಬಾರದು" ಇನ್ನೊಂದು ಸಾಲಿನಲ್ಲಿ, ಜಾಗ ಸಾಲದೆ.

ಅಪ್ಪೆಮಿಡಿ ಎರಡು ವರ್ಷ ಕೆಡುವುದಿಲ್ಲ ಅಂತ ಅಮ್ಮ ಫೋನಿನಲ್ಲಿ ಭರವಸೆ ಕೊಟ್ಟಿದ್ದಾಳೆ. ಭಾವ ಅಷ್ಟು ದಿನ ಕೈ ಕಟ್ಟಿ ಕೂರುತ್ತಾರೆ ಅಂತ ಅಕ್ಕ ಕೊಟ್ಟಿಲ್ಲ.